ಕುದುರೆಯಿಂದ ಬೀಳದವನು

...ಅಥವಾ ಆ ಕುದುರೆ ಬಿಳಿಯದಾಗಿರಲಿಲ್ಲವೇನೋ. ಆ ಪರದೆಯ ಮೇಲೆ ಬೆಳಕು ಬಿದ್ದದ್ದೆಲ್ಲ ಬಿಳಿಯಾಗಿಯೇ ಕಾಣುತ್ತಿತ್ತು, ಕುದುರೆಯೊಂದನ್ನು ಮಾತ್ರ ನಂಬುವುದು ಹೇಗೆ? ಸಿನೆಮಾದ ಡೇರೆ ಮೊದಲು ಬ್ರಹ್ಮಾವರದಲ್ಲಿ ನಿಂತಿತು, ಆಮೇಲೆ ಕುಂದಾಪುರಕ್ಕೆ ಬಂತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದು ಗಟ್ಟಿಯಾಗಿದೆ. ಗಟ್ಟಿಯಾದ ನೆನಪುಗಳ ಮೇಲೆಯೇ ನನಗೆ ಸಂಶಯ ಜಾಸ್ತಿ. ಯುದ್ಧದ ಕಾಲ ಎಂಬುದು ಖಂಡಿತ; ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿತ್ತು, ಸೀಮೆಎಣ್ಣೆ ಚೀಟಿ ಇದ್ದವರಿಗೆ ಮಾತ್ರ. ಬೇಸಗೆ ರಜೆ ಎಂಬುದೂ ಖಂಡಿತ. ಕೋಟೇಶ್ವರದ ಶಾಲೆಯಲ್ಲಿ ನಾನು ಮಾಸ್ತರನಾಗಿ ಎರಡನೆಯ ವರ್ಷ ಅದು. ರಜೆ ಇಲ್ಲದೆ ಮಾವನ ಹಿಂದೆ ಹಾಗೆ ತಿರುಗಲು ಆಗುತ್ತಿರಲಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ತಾಳಮದ್ದಳೆಯ ಅರ್ಥಧಾರಿ. ಭಾಗವತರು ಪದ ಹೇಳುತ್ತಾರೆ, ಇತ್ತ ಒಬ್ಬರು ಅತ್ತ ಒಬ್ಬರು ಕೂತು, ವೇಷವಿಲ್ಲದೆ, ಕುಣಿತವಿಲ್ಲದೆ, ಬರೀ ಮಾತಿನಲ್ಲಿ ಪಾತ್ರವಾಗುತ್ತಾರೆ; ಆ ಮಾತಿಗೇ ಅರ್ಥ ಎಂದು ಹೆಸರು. ಯಾರು ಗೆಲ್ಲಬೇಕು ಎಂಬುದನ್ನು ಕತೆ ಮೊದಲೇ ತೀರ್ಮಾನಿಸಿರುತ್ತದೆ. ಆದರೆ ಎರಡು ಪದಗಳ ನಡುವಿನ ವಾದ ಕೂತವರಿಗೆ ಬಿಟ್ಟದ್ದು. ಸೋಲಬೇಕಾದವನು ಎದುರಿನವನನ್ನು ಬೆವರಿಳಿಸಬಹುದು, ಬಾಯಿ ಕಟ್ಟಿಸಬಹುದು. ಕೊನೆಗೆ ಮಾತ್ರ ತಾನೇ ಒಂದು ಮಾತು ಆಡಿ ದಾರಿ ಬಿಡಬೇಕು. ಅದು ಬರೆದಿಟ್ಟ ನಿಯಮವಲ್ಲ, ಆದರೆ ಅದಿಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ.

ಮಾವ ದಾರಿ ಬಿಡುತ್ತಿರಲಿಲ್ಲ.

ಕೋಟೇಶ್ವರದಲ್ಲಿ ಒಮ್ಮೆ ಅವರಿಗೆ ಸೋಲಬೇಕಾದ ರಾಜನ ಅರ್ಥ ಬಂದಿತ್ತು. ಎದುರಿಗೆ ಕೂತವರು ಶಿರೂರಿನ ಮಾಷ್ಟ್ರು, ಮಾವನ ಹಳೆಯ ಸ್ನೇಹಿತರು. ಭಾಗವತರು ರಾಜ ಬೀಳುವ ಪದವನ್ನು ಎತ್ತಿದರು. ಮಾವ ಅದಕ್ಕೂ ಉತ್ತರ ಕೊಟ್ಟರು. ಎರಡನೆಯ ಸಲ ಎತ್ತಿದರು, ಇನ್ನೊಂದು ಉತ್ತರ. ಮೂರನೆಯ ಸಲ ಪದ ಮುಗಿಯುವ ಮೊದಲೇ ಮಾವನ ಮಾತು ಶುರುವಾಗಿತ್ತು. ಭಾಗವತರು ಮಾಷ್ಟ್ರ ಮುಖ ನೋಡಿದರು, ಮಾಷ್ಟ್ರು ತಲೆ ತಗ್ಗಿಸಿದರು, ಭಾಗವತರು ಮಂಗಳ ಹಾಡಿ ತಾಳ ಕಟ್ಟಿಟ್ಟರು. ರಾಜ ಸಾಯಲೇ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಎಲ್ಲರಿಗಿಂತ ಜೋರಾಗಿ. ಆಮೇಲೆ ಎರಡು ಮಳೆಗಾಲ ಮಾವನಿಗೆ ಎಲ್ಲಿಂದಲೂ ಕರೆ ಬರಲಿಲ್ಲ.

ಡೇರೆಯ ಕೆಲಸ ಸಿಕ್ಕಿದ್ದು ಆಗ. ಸಿನೆಮಾ ಹಿಂದಿಯದು, ನಾಲ್ಕು ಭಾಗದ್ದು. ಯಂತ್ರ ಒಂದೇ ಇದ್ದದ್ದರಿಂದ ರೀಲು ಬದಲಿಸುವಾಗ ಪ್ರತಿ ಸಲ ಪರದೆ ಖಾಲಿಯಾಗುತ್ತಿತ್ತು. ಆ ಹೊತ್ತಿನಲ್ಲಿ ಗ್ಯಾಸ್‌ಲೈಟಿನ ಬೆಳಕಿಗೆ ಬಂದು, ತಗಡಿನ ತುತ್ತೂರಿ ಹಿಡಿದು, ನಡೆದದ್ದೇನು ಎಂದು ನಮ್ಮ ಮಾತಿನಲ್ಲಿ ಹೇಳಲು ಒಬ್ಬರು ಬೇಕಾಗಿದ್ದರು. ಮಾವನಿಗೆ ಹಿಂದಿ ಬರುತ್ತಿರಲಿಲ್ಲ. ಡೇರೆಯ ಮ್ಯಾನೇಜರನಿಗೂ ಅಷ್ಟಕ್ಕಷ್ಟೆ. ಅವನು ಬೆಳಿಗ್ಗೆ ಕತೆಯ ಚೀಟಿಯೊಂದನ್ನು ಓದಿ ಹೇಳುತ್ತಿದ್ದ, ಸಂಜೆ ಮಾವ ಅದನ್ನು ಹೇಳುತ್ತಿದ್ದರು.

ಕತೆಯೇನು ದೊಡ್ಡದಲ್ಲ. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಒಬ್ಬ ಸವಾರ. ಮೂವತ್ತು ಜನ ಕತ್ತಿ ಹಿಡಿದು ಬಂದರೆ ಮೂವತ್ತೂ ಜನ ಬೀಳುತ್ತಾರೆ, ಇವನ ಅಂಗಿ ಹರಿಯುವುದಿಲ್ಲ. ಕೋಟೆ ಹತ್ತುತ್ತಾನೆ, ಹೊಳೆ ಹಾರುತ್ತಾನೆ, ಬೀಗವನ್ನು ಕೈಯಲ್ಲೇ ಮುರಿಯುತ್ತಾನೆ. ಮೊದಲ ಭಾಗದಲ್ಲಿ ಮಾವ ಖುಷಿಯಲ್ಲಿದ್ದರು. ತುತ್ತೂರಿಯಲ್ಲಿ ಅವರ ಧ್ವನಿ ಹೆದ್ದಾರಿಯ ತನಕ ಕೇಳುತ್ತಿತ್ತು. ಎರಡನೆಯ ಭಾಗಕ್ಕೆ ಬರುವಾಗ ಅವರ ಮಾತು ಗಿಡ್ಡವಾಯಿತು. ನಾನು ಗಂಟಲ ದಣಿವು ಎಂದುಕೊಂಡೆ.

ಒಂದು ಸಂಜೆ ಆಟ ಶುರುವಾಗುವ ಮೊದಲು ಡೇರೆಯ ಹೊರಗೆ ಹೊಯಿಗೆಯ ಮೇಲೆ ಕೂತಿದ್ದೆವು. ಮಾವ ಹೇಳಿದರು:

"ಇವನ್ ಬಗ್ಗೆ ಎಂತ ಹೇಳುದ್ ಮಾರಾಯ? ಬಿದ್ದವನಿಗಾರೆ ನಾಕ್ ಮಾತ್ ಇತ್ತ್. ಇಂವ ಬೀಳ್ತ್ನೇ ಇಲ್ಲೆ."

ಮೊದಲ ಭಾಗದಲ್ಲಿ ಇವನು ಯಾರೋ, ಎರಡನೆಯದರಲ್ಲೂ ಅವನೇ ಎಂದರು. ಒಂದರಿಂದ ಇನ್ನೊಂದಕ್ಕೆ ಇವನ ಸಂಗಡ ಬಂದದ್ದು ಕುದುರೆ ಮತ್ತು ಕಪ್ಪು ಬಟ್ಟೆ ಮಾತ್ರ. ಮೊದಲ ಭಾಗದಲ್ಲಿ ಅಣ್ಣ ಸತ್ತ, ಎರಡನೆಯದರಲ್ಲಿ ಆ ಅಣ್ಣನ ನೆನಪು ಒಂದು ಸಲವೂ ಬರಲಿಲ್ಲ. ಎಲ್ಲ ಬರುವವನಿಗೆ ಕಲಿಯಲು ಏನಿದೆ, ಕಲಿಯದವನು ಎರಡನೆಯ ಭಾಗಕ್ಕೆ ಯಾಕೆ ಬರಬೇಕು ಎಂಬುದು ಅವರ ತಕರಾರು. ಅವರಿಗೆ ಮೆಚ್ಚಿಗೆಯಾದದ್ದು ದುಷ್ಟರ ಕಡೆಯ ಒಬ್ಬ ಆಳು. ಮೊದಲ ಭಾಗದಲ್ಲಿ ಸವಾರ ಅವನನ್ನು ಕೋಟೆಯ ಗೋಡೆಯಿಂದ ತಳ್ಳುತ್ತಾನೆ. ಎರಡನೆಯ ಭಾಗದಲ್ಲಿ ಅವನು ಕುಂಟುತ್ತ ಬರುತ್ತಾನೆ. ಮಾತಿಲ್ಲ, ಎಲ್ಲರ ಹಿಂದೆ ಕುಂಟುತ್ತ ಇರುತ್ತಾನೆ. ಇಡೀ ಕತೆಯಲ್ಲಿ ಆ ಗೋಡೆಯನ್ನು ನೆನಪಿಟ್ಟುಕೊಂಡವನು ಅವನೊಬ್ಬನೇ ಎಂದರು ಮಾವ. ಆ ನಟನ ಕಾಲೇ ಹಾಗಿತ್ತೋ ಏನೋ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ನಮ್ಮ ಮಾತು ಕೇಳಿಸಿಕೊಂಡು, ಮೀನು ಮಾರಿ ಖಾಲಿ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಆಟಕ್ಕೆ ಕಾದಿದ್ದ ಹೆಂಗಸೊಬ್ಬಳು ನಕ್ಕಳು.

"ಬೀಳುದ್ ಕಾಂಬುಕೆ ಡೇರೆಗ್ ಎಂತಕ್ಕೆ ಬರ್ಕ್ ಅಯ್ಯ? ಅದ್ ಮನಿ ಒಳ್ಗೇ ಇತ್ತಲೆ."

ಮಾವ ಅದಕ್ಕೆ ಉತ್ತರ ಹೇಳಲಿಲ್ಲ. ಅವರು ಉತ್ತರ ಹೇಳದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಮುಂದೆ ನಡೆದದ್ದಕ್ಕೆ ಇದು ತೀರ ಅನುಕೂಲವಾಗಿ ಹೊಂದಿಕೊಳ್ಳುತ್ತದೆ. ಅವರು ಏನೋ ಹೇಳಿರಬಹುದು, ನಾನು ಮರೆತಿರಬಹುದು.

ಡೇರೆ ಕುಂದಾಪುರಕ್ಕೆ ಬಂದ ಮೇಲೆ ಮಾವ ಸವಾರನಿಗೆ ಇಲ್ಲದ್ದನ್ನು ಕೊಡಲು ತೊಡಗಿದರು. ರೀಲು ಬದಲಾಗುವಾಗ ಅವನ ಒಳಗಿನ ಮಾತು ಎಂದು ಶುರು ಮಾಡುವರು. ಕೋಟೆ ಹತ್ತುವ ಮೊದಲು ಅವನ ಕೈ ನಡುಗಿತಂತೆ. ಸತ್ತ ಅಣ್ಣ ಕನಸಿನಲ್ಲಿ ಬಂದನಂತೆ. ಅತ್ತ ಕಡೆ ಕೂತ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಮತ್ತೆ ದೀಪ ಆರಿ ಚಿತ್ರ ಹತ್ತಿದರೆ ಸವಾರ ನಗುತ್ತ ಹಾರುತ್ತಿದ್ದ. ಮ್ಯಾನೇಜರ್ ಮೊದಲು ಮೆತ್ತಗೆ ಹೇಳಿದ, ಆಮೇಲೆ ಎಲ್ಲರೆದುರು: "ನಿಮ್ಮ ತಾಳಮದ್ದಳೆ ಇಲ್ಲಿ ಬೇಡ ಮಾರಾಯ್ರೆ. ಇದ್ದದ್ದು ಹೇಳಿ, ಇಲ್ಲದ್ದು ಬಿಡಿ."

ಮೂರನೆಯ ಭಾಗದ ಕೊನೆಯಲ್ಲಿ ಸವಾರ ಕುದುರೆ ಸಮೇತ ಬಂಡೆಯ ತುದಿಯಿಂದ ಕೆಳಗೆ ಹೋಗುತ್ತಾನೆ. ಅಲ್ಲಿಗೆ ಭಾಗ ಮುಗಿಯುತ್ತದೆ. ನಾಲ್ಕನೆಯ ಭಾಗದ ಪೆಟ್ಟಿಗೆ ಮುಂಬಯಿಯಿಂದ ಇನ್ನೂ ಬಂದಿರಲಿಲ್ಲ; ಮುಂದೇನು ಎಂದು ಮ್ಯಾನೇಜರನಿಗೂ ಗೊತ್ತಿರಲಿಲ್ಲ. ಮಾವ ಆ ಸಂಜೆಗಳಲ್ಲಿ ಬಿದ್ದವನ ಅರ್ಥ ಹೇಳಿದರು. ಆಟ ಮುಗಿದರೂ ಜನ ಏಳಲಿಲ್ಲ. ಕಲ್ಲಿನ ಮೇಲೆ ಮುರಿದ ಮೈ, ಎದ್ದೇಳಲು ಮತ್ತೊಬ್ಬರ ಕೈ ಬೇಕಾಗುವುದು, ಇಷ್ಟು ದಿನ ತಾನು ಬೀಳಿಸಿದವರ ಮುಖಗಳೆಲ್ಲ ನೆನಪಾಗುವುದು, ಕುಂಟನ ಮುಖ ಕೂಡ. ಅವರು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾಲ್ಕನೆಯ ಭಾಗ ಬಂತು. ಮೊದಲ ಚಿತ್ರದಲ್ಲೇ ಸವಾರ ಬಂಡೆಯ ಕೆಳಗೆ ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ. ತೋಳಿನ ಧೂಳು ಕೊಡವಿಕೊಂಡ. ಅಷ್ಟೆ. ಕತ್ತಲಲ್ಲಿ ಯಾರೋ ಕೂಗಿದರು:

"ಹ್ವಾಯ್, ನೀವ್ ಅವನ್ನ ಸುಟ್ಟ್, ಬೊಜ್ಜ ಮುಗ್ಸಿ ಉಂಡೂ ಆಯ್ತ್, ಅಂವ ಇಲ್ ಕುದ್ರಿ ಮೇಲ್ ಕೂತ್ಕಂಡಿದ್ದ ಕಾಣಿ."

ಡೇರೆಯೆಲ್ಲ ನಕ್ಕಿತು. ಮೂಗು ಒರೆಸಿಕೊಂಡಿದ್ದ ಹೆಂಗಸರೂ ನಕ್ಕರು. ನಾನು ನಕ್ಕೆನೋ ಇಲ್ಲವೋ ಹೇಳಲಾರೆ. ರೀಲು ಬದಲಾಗುವಾಗ ಮಾವ ಬೆಳಕಿಗೆ ಬರಲಿಲ್ಲ. ತುತ್ತೂರಿಯನ್ನು ಕಂಬಕ್ಕೆ ಒರಗಿಸಿಟ್ಟು ಹೋಗಿದ್ದರು. ಉಳಿದ ಚಿತ್ರ ಯಾರ ಮಾತೂ ಇಲ್ಲದೆ ನಡೆಯಿತು, ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಮನೆಗೆ ನಡೆಯುತ್ತ ಮಾವ, "ಕೋಟೇಶ್ವರದಲ್ ನಾನೂ ಹಾಂಗೇ ಕೂತಿದ್ದೆ ಅಲ್ದಾ?" ಎಂದರೆಂದು ಹೇಳಿಕೊಂಡು ಬಂದಿದ್ದೇನೆ. ಅವರು ಹಾಗೆ ಹೇಳಿದ್ದರೆ ಈ ಬರಹಕ್ಕೆ ಒಳ್ಳೆಯದು. ಆದರೆ ಆ ದಾರಿಯಲ್ಲಿ ನಾವಿಬ್ಬರೂ ಮಾತೇ ಆಡಲಿಲ್ಲ ಎಂಬ ಇನ್ನೊಂದು ನೆನಪೂ ಇದೆ. ಎರಡೂ ಅಷ್ಟೇ ಸ್ಪಷ್ಟ.

ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಶಿರೂರಿನ ಮಾಷ್ಟ್ರು ಮಾವನ ಮನೆಗೆ ಬಂದರು. ಬೈಂದೂರಿನಲ್ಲಿ ಒಂದು ತಾಳಮದ್ದಳೆ, ಭಾನುವಾರ. ಸೀಮೆಎಣ್ಣೆ ಇಲ್ಲದ್ದರಿಂದ ಮಧ್ಯಾಹ್ನ ಊಟದ ಮೇಲೆ. ಅದೇ ಪ್ರಸಂಗ, ಅದೇ ರಾಜ. ಕೂಟ ಏರ್ಪಡಿಸಿದವರಿಗೆ ಮಾವ ಬೇಡವಾಗಿದ್ದರು, ಮಾಷ್ಟ್ರು ಹಟ ಹಿಡಿದಿದ್ದರು. ಕಾಪಿ ಕುಡಿದು ಏಳುವಾಗ ಅವರು ಒಂದೇ ಮಾತು ಹೇಳಿದ್ದು: "ಈ ಸರ್ತಿ ಕತೆ ಮುಗೀಕ್ ಕಾಣಿ." ಮಾವ ತಲೆಯಾಡಿಸಿದರು. ಈ ಸಲವೂ ದಾರಿ ಬಿಡದಿದ್ದರೆ ಇನ್ನು ಯಾರೂ ಮಾವನ ಎದುರು ಕೂರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮಾಷ್ಟ್ರನ್ನು ಬಾಗಿಲ ತನಕ ಬಿಟ್ಟು ಒಳಗೆ ಬಂದಾಗ ಅತ್ತೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು. "ಅವ್ರಿಗೆ ಅನ್ನ ಇಳಿತಿಲ್ಲೆ ಮಾಣಿ," ಎಂದರು. ತಿಂಗಳಿಂದ ಬರೀ ಗಂಜಿತೆಳಿ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದಾರಂತೆ. ನಾನೂ ಯಾರಿಗೂ ಹೇಳಲಿಲ್ಲ.

ಬೈಂದೂರಿಗೆ ಹೋಗುವಾಗ ಗಂಗೊಳ್ಳಿಯ ಕಡವಿನಲ್ಲಿ, ದೋಣಿಯಲ್ಲಿ ಕೊಡೆ ಹಿಡಿದು ಕೂತು ಮಾವ ನನ್ನ ಹತ್ತಿರ ರಾಜನ ಮಾತನ್ನು ಅಭ್ಯಾಸ ಮಾಡಿದರು. ನಾನು ಎದುರಾಳಿ. "ಧರ್ಮ ನನ್ನ ಬೆನ್ನಿಗಿದೆ" ಎಂದೆ. ಅವರು ತಡೆಯದೆ ಹೇಳಿದರು: "ಧರ್ಮ ಬೆನ್ನಿಗಿದ್ದವನಿಗೆ ಕೈಯಲ್ಲಿ ಆಯುಧ ಯಾಕೆ?" ದೋಣಿಯವನು ಜಲ್ಲೆ ಊರುವುದನ್ನು ಬಿಟ್ಟು ತಿರುಗಿ ನೋಡಿದ. ಈ ಮಾತಿಗೆ ಮಾಷ್ಟ್ರ ಹತ್ತಿರ ಉತ್ತರವಿರಲು ಸಾಧ್ಯವಿಲ್ಲ ಎಂದು ನನಗೆ ಖಚಿತವಾಯಿತು. ಗೆಲುವಿನ ಆ ಮಾತನ್ನು ಅವರು ಯಾಕೆ ಅಭ್ಯಾಸ ಮಾಡುತ್ತಿದ್ದಾರೆ ಎಂದು ನಾನು ಕೇಳಬೇಕಿತ್ತು.

ಚಾವಡಿಯಲ್ಲಿ ನಲವತ್ತು ಜನ ಇದ್ದಿರಬಹುದು. ಮಾವ ನಿಧಾನವಾಗಿ ಶುರು ಮಾಡಿದರು. ಧ್ವನಿ ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ, ಜನ ಮುಂದೆ ಬಗ್ಗಿ ಕೇಳಿದರು. ಗಂಟೆ ಹೊತ್ತಿನಲ್ಲಿ ಮಾಷ್ಟ್ರು ಮೂಲೆ ಸೇರಿದ್ದರು. ಆಗ ಮಾಷ್ಟ್ರು, ದೋಣಿಯಲ್ಲಿ ನಾನು ಹೇಳಿದ ಮಾತನ್ನೇ, ಅಕ್ಷರ ತಪ್ಪದೆ ಹೇಳಿದರು: "ಧರ್ಮ ನನ್ನ ಬೆನ್ನಿಗಿದೆ."

ಮಾವ ಬಾಯಿ ತೆರೆದರು. ಅವರ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಮಾಡಿನಿಂದ ನೀರು ಬೀಳುವ ಸದ್ದು ಮಾತ್ರ. ಎಷ್ಟು ಹೊತ್ತು? ಒಂದು ಪದ ಹಾಡುವಷ್ಟು ಎನಿಸಿತು, ಅಷ್ಟು ಇದ್ದಿರಲಾರದು. ಮತ್ತೆ ಅವರು ಹೆಗಲ ಶಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹತ್ತಿರದವರಿಗೆ ಮಾತ್ರ ಕೇಳುವ ಹಾಗೆ, "ಇರಲಿ. ಮುಂದಿನದು ನಿನ್ನದು" ಎಂದರು. ಭಾಗವತರು ಪದ ಎತ್ತಿದರು. ರಾಜ ಬಿದ್ದ. ಕತೆ ಮುಗಿಯಿತು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬ ಮುದುಕರು ಕಣ್ಣೊರೆಸಿಕೊಂಡರು. ಬಾಗಿಲ ಹತ್ತಿರ ಇಬ್ಬರು, ಇವರದ್ದು ಮುಗಿಯಿತು ಎಂದು ಮಾತಾಡಿಕೊಂಡದ್ದೂ ನನಗೆ ಕೇಳಿಸಿತು.

ತಿರುಗಿ ಬರುವಾಗ ಕಡವಿನಲ್ಲಿ ದೋಣಿಗೆ ಕಾಯುತ್ತಿದ್ದೆವು. ಆ ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾವ ಆಚೆ ದಡ ನೋಡುತ್ತಿದ್ದರು.

"ಆ ಕುಂಟನಿಗೆ ಕಡೀಗ್ ಎಂತ ಆಯ್ತ್? ನಾನ್ ಕಾಣ್ಲಿಲ್ಲೆ. ನಿಂಗ್ ನೆನಪಿತ್ತಾ?"

ನನಗೆ ನೆನಪಿರಲಿಲ್ಲ. ನಾಲ್ಕನೆಯ ಭಾಗವನ್ನು ಕೊನೆಯ ತನಕ ನೋಡಿದವನು ನಾನು, ಆದರೆ ನೋಡಿದ್ದು ಸವಾರನನ್ನು.

ಮಾವ ದೀಪಾವಳಿಯ ಮೊದಲು ಹೋದರು. ಕೊನೆಯ ಮೂರು ವಾರ ಮಾತು ಪೂರ್ತಿ ನಿಂತಿತ್ತು. ಏನು ಬೇಕಾದರೂ ಮಕ್ಕಳ ಸ್ಲೇಟಿನಲ್ಲಿ ಬರೆಯುತ್ತಿದ್ದರು. ಹನ್ನೊಂದನೆಯ ದಿನ ಶಿರೂರಿನ ಮಾಷ್ಟ್ರು ನನ್ನ ಹತ್ತಿರ, ಬೈಂದೂರಿನಲ್ಲಿ ಬೇಕೆಂದೇ ಆ ಬಾಗಿಲು ತೆರೆದುಕೊಟ್ಟೆ ಎಂದರು. ಗೆಲುವನ್ನು ಕೈಗೆ ಕೊಟ್ಟರೂ ಅವರು ತೆಗೆದುಕೊಳ್ಳಲಿಲ್ಲ, ಅಂಥ ಅರ್ಥಧಾರಿಯನ್ನು ಇನ್ನು ಕಾಣಲಿಕ್ಕಿಲ್ಲ ಎಂದರು. ಅತ್ತೆ ಒಳಗಿನಿಂದ ಇದನ್ನು ಕೇಳಿಸಿಕೊಂಡಿದ್ದರು. ಮಾಷ್ಟ್ರು ಹೋದ ಮೇಲೆ, ಅಷ್ಟು ಹೊತ್ತು ಮಾತಾಡಿದ ಮೇಲೆ ಅವರ ಗಂಟಲಿನಿಂದ ನಾಲ್ಕು ಶಬ್ದ ಒಟ್ಟಿಗೆ ಹೊರಡುತ್ತಿರಲಿಲ್ಲ, ಅದಕ್ಕೆ ದೊಡ್ಡ ಹೆಸರು ಬೇಡ ಎಂದರು. ಆದರೆ ಅದೇ ಬೆಳಿಗ್ಗೆ ದೋಣಿಯಲ್ಲಿ ಆ ಶಬ್ದಗಳು ಹೊರಟದ್ದನ್ನು ನಾನು ಕೇಳಿದ್ದೆ. ಕೇಳಿದ್ದೆನೇ? ದೋಣಿಯವನು ತಿರುಗಿ ನೋಡಿದ್ದು ನೆನಪಿದೆ, ಅದನ್ನೇ ಹಿಡಿದುಕೊಂಡಿದ್ದೇನೆ.

ಸ್ಲೇಟು ಕೈಯಲ್ಲಿದ್ದ ಆ ಮೂರು ವಾರಗಳಲ್ಲಿ ನಾನು ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಅವರು ದಾರಿ ಬಿಟ್ಟರೋ, ಗಂಟಲು ಕೈಕೊಟ್ಟಿತೋ, ನನಗೆ ಗೊತ್ತಿಲ್ಲ. ಕುಂಟನಿಗೆ ಏನಾಯಿತು ಎಂಬುದೂ ಗೊತ್ತಿಲ್ಲ.