ಯಜಮಾನರ ಮಾತು, ನಮ್ಮ ವೋಟು

ಗೆಳತಿಯರೇ, ಇವತ್ತು ಹೊಸಕೋಟೆಯಲ್ಲಿ ಎಣಿಕೆ ಮುಗಿದು ನಮ್ಮ ಗ್ರಾಮ ಪಂಚಾಯ್ತಿ ಫಲಿತಾಂಶ ಬಂತು. ಸಂಜೆ ಡೈರಿಗೆ ಹಾಲು ಹಾಕಲು ಹೋದರೆ, ಸೋತ ಅಭ್ಯರ್ಥಿಯ ಅಣ್ಣ ಕೆಂಪಣ್ಣ ಮತದಾರರ ಪಟ್ಟಿ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಗೆಲ್ಲುತ್ತೇವೆಂದು ಮನೆಮನೆಗೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದ ಪಟ್ಟಿ ಅದು.

"ಮೇಲಿನ ಬೀದಿ ನಮ್ದು. ಕಾಲೋನೀಲಿ ಅರ್ಧ ನಮ್ದು. ಹುಡುಗ್ರು ಪೂರಾ ನಮ್ಮೋರೇ. ಈ ಹೆಂಗಸ್ರೇ ಕೈಕೊಟ್ಟಿದ್ದು!"

ಹಾಲಿನ ಸಾಲಿನಲ್ಲಿ ನಿಂತಿದ್ದವರೆಲ್ಲ ಹೆಂಗಸರೇ. ಕೆಂಪಣ್ಣನವರ ಕಣ್ಣಿಗೆ ಬಿದ್ದವಳು ನಾನು.

"ಏನಮ್ಮಾ, ನಿಮ್ಮನೇಲಿ ನಾಕು ವೋಟು. ನಿಮ್ಮ ಯಜಮಾನ್ರು ದೇವಸ್ಥಾನದ ಮುಂದೆ ಮಾತು ಕೊಟ್ಟಿದ್ರಲ್ಲ?"

"ಅವರ ವೋಟಿಗೆ ಅವರು ಮಾತು ಕೊಟ್ಟವ್ರೆ ಕಣಣ್ಣ. ನಂದು, ಅತ್ತೇದು, ಮಗಳದು ಕೇಳೋಕೆ ನೀವು ಬರ್ಲೇ ಇಲ್ವಲ್ಲ."

"ಗೆದ್ದೋಳು ಬಂದಿದ್ಲಾ?"

"ಕೊಟ್ಟಿಗೆಗೇ ಬಂದಿದ್ರು. ನಾನು ಹಾಲು ಕರೆದು ಏಳೋವರ್ಗೂ ನಿಂತಿದ್ರು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೆಂಪಣ್ಣ ನಮ್ಮ ಮನೆಯ ಗುರುತನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದರು.

ಪೆನ್ಸಿಲ್ಲಿನ ಗುರುತು, ಉಜ್ಜಿದರೆ ಹೋಗುತ್ತದೆ. ನನ್ನ ಬೆರಳಿನ ಶಾಯಿ ಮಾತ್ರ ಇಷ್ಟು ದಿನ ಸಗಣಿ ಬಾಚಿದರೂ ಹೋಗಿಲ್ಲ.