ದನ ನೋಡಿಕೊಂಡವರಿಗೆ ಒಂದು ಪತ್ರ

ಆಸ್ಟಿನ್ ನಗರ ಸಿಗುವ ಸ್ವಲ್ಪ ಮುಂಚೆ ನಮ್ಮದು ಹದಿನೆಂಟು ಎಕರೆ ಇದೆ. ಜಮೀನಿನ ತೆರಿಗೆ ಇಳಿಯಲೆಂದು ಒಂಬತ್ತು ದನ ಸಾಕಿದ್ದೇವೆ. ಸಾಕಿದ್ದೇವೆ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಬೇಲಿ, ನೀರಿನ ತೊಟ್ಟಿ, ಹುಲ್ಲು, ಕರು ಹಾಕಿಸುವುದು, ಎಲ್ಲವನ್ನೂ ಆರು ವರ್ಷ ನೋಡಿಕೊಂಡವರು ಮೆಕ್ಸಿಕೋದಿಂದ ಬಂದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬರು. ನಾವು ಅಲೆನ್‌ನ ನಮ್ಮ ಮನೆಯಿಂದ ಶನಿವಾರ ಶನಿವಾರ ಹೋಗಿ, ನೋಡಿ, ಬರುತ್ತಿದ್ದೆವು, ಅಷ್ಟೆ.

ಹೋದ ದೀಪಾವಳಿಯಲ್ಲಿ ಅಲ್ಲೇ ಗೋಪೂಜೆ ಇಟ್ಟುಕೊಂಡೆವು. ಆರತಿಗೆ ಬೆದರುತ್ತಿದ್ದ ಹಸುವನ್ನು ಹಗ್ಗ ಹಿಡಿದು ನಿಲ್ಲಿಸಿದವರು ಅವರು. ಫೋಟೋದಲ್ಲಿ ಮಾತ್ರ ಅವರಿಲ್ಲ. ನನ್ನ ಗಂಡ ಬಂದವರಿಗೆಲ್ಲ, “ನಾನೀಗ ರ‍್ಯಾಂಚರ್,” ಎನ್ನುತ್ತಿದ್ದರು. ಯಾರೋ ಹಗ್ಗ ಹಿಡಿದಿದ್ದವರನ್ನು ನೀವೇನು ಮಾಡುತ್ತೀರಿ ಎಂದು ಕೇಳಿದರು. ಅವರು ಎದೆ ಮುಟ್ಟಿಕೊಂಡು, “ರಾಂಚೇರೋ,” ಎಂದರು.

“ಏನ್ರೀ ರ‍್ಯಾಂಚರ್ ಸಾಹೇಬ್ರ, ಓನರ್ ಬದ್ಲಾದ್ರೇನು?” ಎಂದು ನನ್ನ ಗಂಡನನ್ನು ಕೇಳಿದರು ಹುಬ್ಬಳ್ಳಿಯ ಡಾಕ್ಟರ್ ಅಂಕಲ್. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಒಮ್ಮೆ ತೊಟ್ಟಿ ತೊಳೆಯುತ್ತ ಅವರೇ ಹೇಳಿದ್ದರು: ಅವರ ಊರ ಕಡೆ ದನದ ನಡುವೆ ಬದುಕಿ ದುಡಿಯುವವನು ರಾಂಚೇರೋ, ನೆಲ ಅವನದಾಗಿರಬೇಕೆಂದಿಲ್ಲ. ಯಜಮಾನನಿಗೆ ಬೇರೆ ಮಾತು, ಪತ್ರೋನ್. ಇಂಗ್ಲಿಷಿನಲ್ಲಿ ಸಗಣಿ ಮುಟ್ಟದಿದ್ದರೂ ನೆಲದೊಡೆಯನೇ ರ‍್ಯಾಂಚರ್. ದುಡಿಯುವವನು ರ‍್ಯಾಂಚ್ ಹ್ಯಾಂಡ್. ಇಡೀ ಮನುಷ್ಯನಲ್ಲಿ ಆ ಭಾಷೆಗೆ ಕಂಡದ್ದು ಒಂದು ಕೈ!

ಪೂಜೆಯ ದಿನ ಸಂಜೆ ಅವರು ನಮ್ಮಿಂದ ಒಂದು ಪತ್ರ ಕೇಳಿದರು. ಹ್ಯೂಸ್ಟನ್ ಹತ್ತಿರದ ದೊಡ್ಡ ರ‍್ಯಾಂಚಿನಲ್ಲಿ ಇಡೀ ಮಂದೆಯ ಜವಾಬ್ದಾರಿ ಸಿಗುವಂತಿತ್ತು. ಮನೆಯನ್ನೂ ಕೊಡುತ್ತಾರೆ, ಹೆಂಡತಿ ಜೊತೆಗಿರಬಹುದು. ಇಲ್ಲಿ ಏನು ಕೆಲಸ ಮಾಡಿದರೆಂದು ಸೋಮವಾರದೊಳಗೆ ಬರೆದು ಕೊಡಬೇಕಿತ್ತು.

ಭಾನುವಾರ ಹುಳಿಗೆ ಒಗ್ಗರಣೆ ಹಾಕುತ್ತಾ ಗಂಡ ಬರೆಯುತ್ತಿದ್ದ ಪತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ಇಣುಕಿ ನೋಡಿದೆ. “ಪಾರ್ಟ್ ಟೈಮ್ ಹೆಲ್ಪರ್” ಎಂದಿತ್ತು.

“ಹೆಲ್ಪರ್ ಅಂತ ಯಾಕ್ ಬರೆದ್ರಿ?”

“ಮತ್ತೇನ್ ಬರೀಲಿ? ಮ್ಯಾನೇಜರ್ ಅಂತಾನಾ? ಹಾಗಾದ್ರೆ ನಾನ್ಯಾರು?”

“ನಾನೂ ಅದನ್ನೇ ಕೇಳ್ತಿರೋದು. ಕರು ಅಡ್ಡ ಸಿಕ್ಕೊಂಡಾಗ ತೋಳು ಹಾಕಿ ಎಳೆದವರು ಯಾರು? ನೀವು ವಿಡಿಯೋ ಕಾಲಲ್ಲಿ ‘ಹುಷಾರು, ಹುಷಾರು’ ಅಂತಿದ್ರಿ.”

“ಇಮೋಷನಲ್ ಆಗ್ಬೇಡ. ಅವನು ಹೋದ್ರೆ ದನ ಯಾರು ನೋಡ್ಕೋತಾರೆ?”

ಗಂಡನ ಹೊಟ್ಟೆಯೊಳಗಿದ್ದದ್ದು ಕೊನೆಗೂ ಬಾಯಿಗೆ ಬಂತು. ಗೋವಿಗೆ ಆರತಿ ಎತ್ತುವ ಮನೆ, ಅದನ್ನು ಕಾಯ್ದವರ ಅನ್ನಕ್ಕೆ ಕಲ್ಲು ಹಾಕುವುದೇ? ಒಲೆ ಆರಿಸಿ ನಾನೇ ಪತ್ರ ಬರೆಯಲು ಕುಳಿತೆ. ಜಮೀನು ನನ್ನ ಹೆಸರಿನಲ್ಲೂ ಇದೆ. ರ‍್ಯಾಂಚರ್, ಹ್ಯಾಂಡ್, ಹೆಲ್ಪರ್ ಯಾವುದನ್ನೂ ಬರೆಯಲಿಲ್ಲ. ಆರು ವರ್ಷ ಈ ದನಗಳನ್ನು ಇವರೊಬ್ಬರೇ ನಡೆಸಿದರು ಎಂದು, ಮಾಡಿದ ಒಂದೊಂದು ಕೆಲಸವನ್ನೂ ಬರೆದು ಸಹಿ ಹಾಕಿ ಕಳಿಸಿದೆ.

“ನನ್ನ ಕೇಳದೇ ಸೈನ್ ಮಾಡಿಬಿಟ್ಯಾ?”

“ಮಾಡಿದೆ.”

ಅವರಿಗೆ ಕೆಲಸ ಸಿಕ್ಕಿತು. ನಮಗಿನ್ನೂ ಯಾರೂ ಸಿಕ್ಕಿಲ್ಲ. ಈಗ ನನ್ನ ಗಂಡನೇ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗಿ, ಸೊಂಟ ಹಿಡಿದುಕೊಂಡು ಬರುತ್ತಾರೆ. ಎಣ್ಣೆ ಬಿಸಿ ಮಾಡಿ ಹಚ್ಚುತ್ತೇನೆ. ಪತ್ರ ಬರೆದದ್ದು ತಪ್ಪಾಯಿತೆಂಬ ಮಾತು ಮಾತ್ರ ನನ್ನಿಂದ ಬರುವುದಿಲ್ಲ.