ಕೊಲೆ ಕೇಸಿಗೆ ಮೈಸೂರು ಪಾಕ್

ಯಶವಂತಪುರದಲ್ಲಿ ಸೊಪ್ಪು ಮಾರುವ ಪುಟ್ಟಮ್ಮನವರ ಗಂಡನನ್ನು ಯಾರೋ ಕೊಂದರು. ಕೊಲೆಗಾರ ಸಿಗಲಿಲ್ಲ ಎಂದು ಬರೆದು ಪೊಲೀಸರು ಕೇಸು ಮುಚ್ಚಿದರು. ಹುಡುಕಿದ್ದರೆ ತಾನೇ ಸಿಗುವುದು? ಅವರ ಬಳಿ ದಿನಾ ಸೊಪ್ಪು ಕೊಳ್ಳುವ, ಕಾನೂನು ಓದದ ನಾನೇ ಕೋರ್ಟಿಗೆ ತಕರಾರು ಅರ್ಜಿ ಬರೆದುಕೊಟ್ಟೆ. ಮತ್ತೆ ತನಿಖೆ ಮಾಡಿ ಎಂದಿತು ಕೋರ್ಟು.

ಆ ಖುಷಿಗೆ ಪುಟ್ಟಮ್ಮ ಡಬ್ಬಿ ತುಂಬಾ ಮೈಸೂರು ಪಾಕ್ ಮಾಡಿಕೊಂಡು, ನನ್ನನ್ನೂ ಎಳೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ನಡೆದರು. ನಾನು ಬೈಯುವುದಕ್ಕೆಂದೇ ಹೋಗಿದ್ದೆ.

“ಕೊಲೆಗಾರ ಸಿಕ್ಕಿಲ್ವಲ್ಲಮ್ಮ, ಸಿಹಿ ಯಾಕೆ?” ಅಂದ ಇನ್ಸ್‌ಪೆಕ್ಟರ್.

“ಅದಕ್ಕೇ ತಿನ್ನಿ ಸಾಮಿ. ಉಡುಕೋಕೆ ಸಕ್ತಿ ಬೇಕಲ್ವಾ?” ಅಂದರು ಪುಟ್ಟಮ್ಮ.

ಇಡೀ ಸ್ಟೇಷನ್ ನಕ್ಕಿತು. ಬೈಯಲು ಬಾಯಿ ತೆರೆದರೆ ನನಗೂ ನಗುವೇ ಬಂತು.

ಕೊಲೆಗಾರ ಇನ್ನೂ ಸಿಕ್ಕಿಲ್ಲ. ಪುಟ್ಟಮ್ಮ ತಿಂಗಳಿಗೊಮ್ಮೆ ಡಬ್ಬಿ ಹಿಡಿದು ಹೋಗಿ ವಿಚಾರಿಸುತ್ತಾರೆ. ತನಗೆ ಸಕ್ಕರೆ ಕಾಯಿಲೆ ಅಂದನಂತೆ ಇನ್ಸ್‌ಪೆಕ್ಟರ್. ಈಗ ಕೋಡುಬಳೆ ಒಯ್ಯುತ್ತಿದ್ದಾರೆ.